ಯಾರೂ ನೋಡದ ಆಟಕ್ಕೊಂದು ಮುಖ

ನನಗೆ ಗೊತ್ತಿದ್ದ ವಿದ್ಯೆಗಳು ಎರಡೇ: ಹೊಲಿಗೆ, ಮತ್ತು ಗಂಡನ ಮುಖ ಓದುವುದು. ಮೊದಲನೆಯದನ್ನು ಅಣ್ಣಿಗೇರಿಯ ಹೆಣ್ಣುಮಕ್ಕಳಿಗೆ ಕಲಿಸಿ ನಾಲ್ಕು ಕಾಸು ಕಂಡೆ. ಎರಡನೆಯದರಿಂದ ಕಾಸು ಹುಟ್ಟಲಿಲ್ಲ, ಆದರೆ ಸಂಸಾರ ನಡೆದದ್ದು ಅದರಿಂದಲೇ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಮದುವೆಯಾದಂದಿನಿಂದ ಒಂದೇ ಪುಸ್ತಕ ಕೈಯಲ್ಲಿದ್ದರೆ ಎಂಥ ದಡ್ಡಿಗೂ ಬಾಯಿಪಾಠವಾಗುತ್ತದೆ. ಅವರು ಹತ್ತಿಯ ಕಾರ್ಖಾನೆಯಿಂದ ಸೈಕಲ್ ತುಳಿಯುತ್ತ ಓಣಿಯ ತಿರುವಿಗೆ ಬರುತ್ತಿದ್ದ ಹಾಗೆಯೇ ನನಗೆ ತಿಳಿಯುತ್ತಿತ್ತು: ಬುತ್ತಿಯ ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ, ಇಲ್ಲವೆ ಮಾಲೀಕರು ಏನೋ ಅಂದಿದ್ದಾರೆ, ಇಲ್ಲವೆ ದಾರಿಯಲ್ಲಿ ಒಬ್ಬರೇ ಮಿರ್ಚಿ ತಿಂದು ಬಂದಿದ್ದಾರೆ, ನನಗೆ ಕಟ್ಟಿಸಿಕೊಂಡು ಬಂದಿಲ್ಲ. ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮುಖವೇ ಹೇಳುವಾಗ ಬಾಯಿ ಯಾಕೆ ಸವೆಸಬೇಕು ಎಂದುಕೊಂಡಿದ್ದೆವು.

ಕಾರ್ಖಾನೆ ಮುಚ್ಚಿತು. ಅಲ್ಲಿ ಅವರದು ಹತ್ತಿಯ ಗಾಡಿಗಳನ್ನು ತೂಗಿಸಿ ಬರೆದುಕೊಳ್ಳುವ ಕೆಲಸ. ಅದನ್ನು ಬಿಟ್ಟರೆ ಬೇರೆ ಏನೂ ಬಾರದು. ಕೆಲವು ತಿಂಗಳು ಕಟ್ಟೆಯ ಮೇಲೆ ಕೂತು ಬೀದಿ ನೋಡಿದರು. ಆಮೇಲೆ ಒಂದು ಮುಂಜಾನೆ ಚಹಾ ಕುಡಿಯುತ್ತ, ತಾವು ಫೋನಿನಲ್ಲಿ ಪೋಕರ್ ಆಡುವವರಾಗುವುದಾಗಿ ತಿಳಿಸಿದರು. ಚಟಕ್ಕಲ್ಲ, ಉದ್ಯೋಗಕ್ಕೆ. ಬೇರೆಯವರ ಗಂಡಂದಿರು ಐವತ್ತರ ಹತ್ತಿರ ಬಂದಾಗ ಮಾಲೆ ಹಾಕುತ್ತಾರೆ, ಭಜನೆಗೆ ಸೇರುತ್ತಾರೆ, ತೀರ ಕೆಟ್ಟರೆ ಪಂಚಾಯ್ತಿ ಚುನಾವಣೆಗೆ ನಿಲ್ಲುತ್ತಾರೆ. ನನ್ನ ಪಾಲಿಗೆ ಇದು ಬಂದಿತ್ತು.

ನಮ್ಮ ಕಡೆ ಇಸ್ಪೀಟು ಎಂದರೆ ಹಬ್ಬದ ದಿನ ಗಿಡದ ಕೆಳಗೆ ಕಂಬಳಿ ಹಾಸಿ ಕೂರುವುದು, ಪೊಲೀಸರು ಬಂದರೆ ಕಂಬಳಿ ಬಿಟ್ಟು ಓಡುವುದು. ಇದು ಅಂಥದಲ್ಲವಂತೆ. ಕೈಯಲ್ಲಿ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿ ಐದು ಎಲೆ, ಉಳಿದದ್ದೆಲ್ಲ ಲೆಕ್ಕ ಮತ್ತು ತಾಳ್ಮೆ. ಒಳ್ಳೆಯ ಆಟಗಾರ ಹೆಚ್ಚಿನ ಸಲ ತನ್ನ ಎಲೆ ಒಗೆದು ಸುಮ್ಮನೆ ಕೂರುತ್ತಾನಂತೆ. ದಿನವಿಡೀ ಒಗೆಯುವುದೇ ಉದ್ಯೋಗವಾದರೆ ನಾನು ಬಚ್ಚಲಿನಲ್ಲಿ ಅದನ್ನು ಪುಕ್ಕಟೆ ಮಾಡುತ್ತ ಬಂದಿದ್ದೇನಲ್ಲ ಎಂದೆ. ಅವರು ನಕ್ಕರು. ಆಗಿನ್ನೂ ನಗುತ್ತಿದ್ದರು.

ಶುರುವಾದದ್ದು ತೀರ ಕೆಳಗಿನ ಮೇಜಿನಿಂದ, ರೂಪಾಯಿ ಎರಡು ರೂಪಾಯಿಯ ಆಟ. ಅಲ್ಲಿ ಗೆದ್ದು ಗಂಟು ಮಾಡಿಕೊಂಡವರು ಮೇಲಿನ ಮೇಜಿಗೆ, ಅಲ್ಲಿಂದ ಇನ್ನೂ ಮೇಲಕ್ಕೆ. ಶಾಲೆಯ ಇಯತ್ತೆಗಳ ಹಾಗೆ. ಅವರು ಸ್ನಾನ ಮಾಡಿ, ವಿಭೂತಿ ಧರಿಸಿ, ಇಸ್ತ್ರಿಯ ಅಂಗಿ ತೊಟ್ಟು ಪಡಸಾಲೆಯ ಜಮಖಾನೆಯ ಮೇಲೆ ಫೋನು ಹಿಡಿದು ಕೂರುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಎದ್ದು ಮತ್ತೆ ಹಾಜರಾಗುತ್ತಿದ್ದರು. ಎರಡನೆಯ ಇಯತ್ತೆಗೆ ಪಾಸಾಗುತ್ತಿದ್ದರು, ಮತ್ತೆ ಒಂದನೆಯದಕ್ಕೆ ಇಳಿಯುತ್ತಿದ್ದರು. ಎಲ್ಲವನ್ನೂ ಸರಿಯಾಗಿ ಆಡಿ ಕೊನೆಯ ಎಲೆಯಲ್ಲಿ ಸೋತ ದಿನ, ಸರಿಯಾಗಿ ಆಡಿದ್ದೇ ಗೆಲುವು, ಬಂದದ್ದು ಹೋದದ್ದು ನಮ್ಮ ಕೈಯಲ್ಲಿಲ್ಲ ಎಂದು ನನಗೆ ತಿಳಿಹೇಳುತ್ತಿದ್ದರು. ಫಲದ ಮೇಲೆ ಆಸೆ ಇಡಬೇಡಿರೆಂದು ಮಠದ ಸ್ವಾಮಿಗಳು ವರ್ಷಗಟ್ಟಲೆ ಹೇಳಿದ್ದು ಇವರ ಕಿವಿಗೆ ಬಿದ್ದಿರಲಿಲ್ಲ. ಪೋಕರ್ ಒಂದೇ ತಿಂಗಳಲ್ಲಿ ಕಲಿಸಿತ್ತು.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಪುರಾಣ ಬಿಚ್ಚುತ್ತಿರಲಿಲ್ಲ. ಅವರು ದೊಡ್ಡ ಆಟಗಾರರ ವಿಡಿಯೋಗಳನ್ನು ನೋಡತೊಡಗಿದರು. ಅದರಲ್ಲಿ ಕಪ್ಪು ಕನ್ನಡಕದ ಗಂಡಸರು ದುಂಡು ಮೇಜಿನ ಸುತ್ತ ಸಾವಿನ ಮನೆಯಲ್ಲಿ ಕೂತವರ ಹಾಗೆ ಕೂತಿರುತ್ತಾರೆ. ಗೆದ್ದರೂ ಅದೇ ಮುಖ, ಸೋತರೂ ಅದೇ. ಮುಖದ ಮೇಲೆ ಏನಾದರೂ ಕಂಡರೆ ಎದುರಿನವನು ಎಲೆ ಊಹಿಸಿಬಿಡುತ್ತಾನಂತೆ. ಸರಿ, ನಮ್ಮ ಮನೆಯವರೂ ಕಪಾಟಿನ ಕನ್ನಡಿಯ ಮುಂದೆ ನಿಂತು ಮುಖವನ್ನು ಕಲ್ಲು ಮಾಡುವ ಅಭ್ಯಾಸಕ್ಕೆ ತೊಡಗಿದರು. ಹುಬ್ಬು ಏರಬಾರದು, ತುಟಿ ಕೊಂಕಬಾರದು, ಕಣ್ಣು ಅರಳಬಾರದು. ನನಗೆ ತಡೆಯಲಾಗಲಿಲ್ಲ.

“ಫೋನಿನ್ಯಾಗ ನಿಮ್ಮ ಮಾರಿ ಯಾರಿಗೆ ಕಾಣತೈತ್ರಿ?” ಎಂದು ಕೇಳಿದೆ.

“ಮುಂದ ಗೋವಾಕ್ಕ ಹೋಗಿ ದೊಡ್ಡ ಮೇಜಿಗೆ ಕುಂದರಬೇಕಾಗತೈತಿ,” ಎಂದರು. “ಆವಾಗ ಕಲೀತೇನಿ ಅಂದ್ರ ಬರೂದಿಲ್ಲ. ಈಗಿಂದನ ರೂಢಿ ಇರಬೇಕು.”

ಎರಡನೆಯ ಇಯತ್ತೆಯಲ್ಲಿ ನಪಾಸಾಗುತ್ತಿರುವವರು ಗೋವಾದ ಮೇಜಿಗೆ ಮುಖ ಸಿದ್ಧಪಡಿಸುತ್ತಿದ್ದರು. ಕೂಸು ಹುಟ್ಟುವ ಮೊದಲೇ ಕುಲಾವಿ ಎನ್ನುತ್ತಾರಲ್ಲ, ಆ ಜಾತಿ. ಹೊಲಿಗೆಯವಳಾದ ನಾನೂ ಎಷ್ಟೋ ಕುಲಾವಿ ಹೊಲಿದವಳು, ಹಾಗಾಗಿ ಹೆಚ್ಚು ಆಡಿಕೊಳ್ಳಲಿಲ್ಲ.

ಒಂದು ವಿಷಯ ಯೋಚಿಸಿ ನೋಡಿ. ನಮ್ಮ ಮಾತಿನಲ್ಲಿ ಮುಖಕ್ಕೆ ಇರುವಷ್ಟು ಕೆಲಸ ಬೇರೆ ಯಾವ ಅಂಗಕ್ಕೂ ಇಲ್ಲ. ಮುಖ ಅರಳುತ್ತದೆ, ಬಾಡುತ್ತದೆ, ಇಳಿಯುತ್ತದೆ, ಊದುತ್ತದೆ, ಗಂಟಿಕ್ಕುತ್ತದೆ. ಮುಖ ಕೊಟ್ಟು ಮಾತಾಡುತ್ತೇವೆ, ಮುಖ ಮುರಿದು ಹೋಗುತ್ತೇವೆ, ಮುಖ ನೋಡಿ ಮಣೆ ಹಾಕುತ್ತೇವೆ. ಕೈಕಾಲು ಬಿದ್ದುಹೋದವರನ್ನೂ ಮನೆಮಂದಿ ನೋಡಿಕೊಂಡಾರು, ಆದರೆ ಮುಖ ಬಿದ್ದುಹೋದವರ ಜೊತೆ ಹೇಗೆ ಬಾಳಬೇಕೆಂದು ಯಾವ ಹಿರಿಯರೂ ಹೇಳಿಹೋಗಿಲ್ಲ.

ಹಾಗೆಂದು ಕಲ್ಲುಮುಖ ನನಗೆ ಹೊಸದಲ್ಲ. ನನ್ನ ಅಪ್ಪ ಕುಂದಗೋಳದ ಕಡೆಯ ದನದ ದಲಾಲಿ. ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವಂತಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು ವ್ಯಾಪಾರ. ಕೆಳಗೆ ಬೆರಳುಗಳು ಜಗಳಾಡುತ್ತಿದ್ದರೆ ಮೇಲೆ ಎರಡು ಮುಖಗಳು ಆಕಾಶ ನೋಡುತ್ತಿರುತ್ತಿದ್ದವು. ಆ ಹೊತ್ತಿನಲ್ಲಿ ಅಪ್ಪನನ್ನು ಕಂಡರೆ ಯಾರದೋ ಅಪ್ಪ ಎನ್ನಿಸುತ್ತಿತ್ತು. ಆದರೆ ಮನೆಗೆ ಬಂದವನು ಹೊಸ್ತಿಲು ದಾಟುವ ಮೊದಲು ಅಂಗಳದ ಕಲ್ಲಿನ ಮೇಲೆ ನಿಂತು ತಂಬಿಗೆಗಟ್ಟಲೆ ನೀರು ಸುರಿದುಕೊಂಡು ಮುಖ ತಿಕ್ಕುತ್ತಿದ್ದ. ಒಳಗೆ ಬರುವಷ್ಟರಲ್ಲಿ ನಮ್ಮ ಅಪ್ಪನಾಗಿರುತ್ತಿದ್ದ. ಎತ್ತು ಲಾಭಕ್ಕೆ ಹೋಯಿತೋ ನಷ್ಟಕ್ಕೋ ಎಂದು ಅವ್ವ ಒಲೆಯ ಮುಂದಿನಿಂದಲೇ ಹೇಳುತ್ತಿದ್ದಳು. ಅಪ್ಪನಿಗೆ ಸಂತೆ ಊರ ಹೊರಗಿತ್ತು. ನಮ್ಮ ಮನೆಯವರ ಸಂತೆ ಪಡಸಾಲೆಯಲ್ಲಿ, ಅಂಗಿಯ ಕಿಸೆಯಲ್ಲಿ, ದಿಂಬಿನ ಬಾಜೂಕ್ಕೆ. ಮುಖ ತೊಳೆದು ಒಳಗೆ ಬರಲು ಅವರು ಹೊರಗೆ ಹೋಗಿರಲೇ ಇಲ್ಲ.

ಮೊದಮೊದಲು ನಾನು ಇದನ್ನು ಆಟವೆಂದೇ ತಿಳಿದೆ. ಒಂದು ದಿನ ಬೇಕೆಂದೇ ಬೇಳೆಗೆ ಉಪ್ಪು ಹಾಕಲಿಲ್ಲ. ರೊಟ್ಟಿ ಮುರಿದು ಅದ್ದಿ ಅದ್ದಿ ಉಂಡರು, ಮುಖದಲ್ಲಿ ಏನೂ ಇಲ್ಲ. ಮರುದಿನ ಉಪ್ಪು ಎರಡರಷ್ಟು ಹಾಕಿದೆ, ಆಗಲೂ ಇಲ್ಲ. ನನಗೆ ನಗು ಬಂತು, ಸಿಟ್ಟೂ ಬಂತು, ಆಮೇಲೆ ಸ್ವಲ್ಪ ಹೆದರಿಕೆಯಾಯಿತು. ಯಾಕೆಂದರೆ ಅವರು ಗೆಲ್ಲುತ್ತಿದ್ದಾರೋ ಸೋಲುತ್ತಿದ್ದಾರೋ, ಸುಖವಾಗಿದ್ದಾರೋ ಇಲ್ಲವೋ, ನನಗೆ ತಿಳಿಯದಾಗಿತ್ತು. ಫೋನಿನ ಆಚೆ ಎಲ್ಲೆಲ್ಲಿಯೋ ಕೂತಿದ್ದ ಆಟಗಾರರಾರೂ ಆ ಮುಖವನ್ನು ನೋಡುತ್ತಿರಲಿಲ್ಲ. ನೋಡುತ್ತಿದ್ದವಳು ನಾನೊಬ್ಬಳು.

ನಮಗೆ ಇರುವವಳು ಒಬ್ಬಳೇ ಮಗಳು, ಸುಜಾತಾ. ಕಲಘಟಗಿ ತಾಲೂಕಿನ ತಂಬೂರಿಗೆ ಕೊಟ್ಟಿದ್ದೇವೆ. ಈ ನಡುವೆಯೇ ಅವಳಿಗೆ ಎಂಟನೆಯ ತಿಂಗಳಲ್ಲಿ ಹೊಟ್ಟೆಯೊಳಗೇ ಕೂಸು ತೀರಿಕೊಂಡಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದರು. ಇಂಥ ಕೂಸನ್ನು ಹೆತ್ತವಳಿಗೆ ತೋರಿಸಬಾರದು, ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ ಎಂದು ಬೀಗರ ಕಡೆಯ ಹಿರಿಯರು ಹೇಳಿದರು. ಅವಳಿಗೆ ಪೂರ್ತಿ ಎಚ್ಚರವಾಗುವ ಮೊದಲೇ ನನ್ನ ಗಂಡ ಮತ್ತು ಅಳಿಯ ಅರಿವೆಯಲ್ಲಿ ಸುತ್ತಿಕೊಂಡು ಮಣ್ಣು ಕೊಡಲು ಹೋದರು. ನಾನು ಮಗಳ ತಲೆ ಹಿಡಿದುಕೊಂಡಿದ್ದೆ, ನಾನೂ ನೋಡಲಿಲ್ಲ.

ಬಾಣಂತಿಯಾಗಿ ಬರಬೇಕಾದವಳು ಬರಿಯ ಮಡಿಲಿನಲ್ಲಿ ನಮ್ಮ ಮನೆಗೆ ಬಂದಳು. ಮಡಿಲು ಬರಿದಾಗಿದ್ದರೂ ಎದೆಯಲ್ಲಿ ಹಾಲು ಬರುತ್ತಿತ್ತು. ಅದನ್ನು ಹಿಂಡಿ ಚೆಲ್ಲುವಾಗ ಅವಳು ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ನೆರೆಮನೆಯ ಹೆಂಗಸರು ಬಂದು ಅತ್ತರು. ಬೀದಿಯಲ್ಲಿ ಬಳೆ ಮಾರುವವಳು ಬಂದು ಅತ್ತಳು. ಸುಜಾತಾಳ ಅಪ್ಪ ಮಾತ್ರ ಪಡಸಾಲೆಯಿಂದ ತಲೆಯೆತ್ತಿ, ಅದೇ ಮುಖದಿಂದ ಊಟ ಆಯಿತೇ ಎಂದು ಕೇಳಿ, ತಲೆ ತಗ್ಗಿಸುತ್ತಿದ್ದರು. ಅವಳು ದಿನವೂ ಆ ಮುಖವನ್ನು ಹುಡುಕಿದಳು. ನಾನು ನೋಡುತ್ತಿದ್ದೆ: ನೀರು ಕೊಡುವ ನೆವ, ದೀಪ ಹಚ್ಚುವ ನೆವ ಮಾಡಿಕೊಂಡು ಎದುರಿಗೆ ಹೋಗಿ ನಿಲ್ಲುತ್ತಿದ್ದಳು. ಒಂದು ಹದಿನೈದು ದಿನ ಕಳೆದಿರಬೇಕು, ಬಟ್ಟೆ ಕಟ್ಟಿಕೊಂಡು ಗಂಡನ ಮನೆಗೆ ಹೊರಟಳು.

“ಅಪ್ಪಗ ಏನೂ ಅನಿಸಿಲ್ಲವ್ವಾ,” ಎಂದಳು. “ನಾ ಅಂವನ ಮಾರಿ ನೋಡೇನಿ. ಇನ್ನ ನನ್ನ ಕರೀಬ್ಯಾಡ್ರಿ.”

ಹಾಗಲ್ಲ ಮಗಳೇ, ಅವರಿಗೂ ಸಂಕಟವಿದೆ ಎಂದು ನಾನು ಹೇಳಬೇಕಾಗಿತ್ತು. ಯಾವ ಹೆಂಡತಿಯಾದರೂ ಹೇಳುತ್ತಿದ್ದಳು. ಆದರೆ ನನಗೇ ಅದು ಗೊತ್ತಿರಲಿಲ್ಲ. ಸುಳ್ಳು ಹೇಳಿದರೆ ನನ್ನ ಮುಖ ಅವಳಿಗೆ ಹೇಳಿಬಿಡುತ್ತಿತ್ತು, ಯಾಕೆಂದರೆ ನಾನು ಪೋಕರ್ ಕಲಿತವಳಲ್ಲ.

ನಾಗರ ಪಂಚಮಿ ಬಂತು. ನಮ್ಮಲ್ಲಿ ಪಂಚಮಿಗೆ ಮಗಳು ಬರಲಿಲ್ಲವೆಂದರೆ ಆ ಮನೆಯಲ್ಲಿ ಏನೋ ಕೆಟ್ಟಿದೆ ಎಂದೇ ಅರ್ಥ. ಕರೆಯುವುದು ಬೇಡವೆಂದಿದ್ದರೂ ಅವರೇ ತಂಬೂರಿಗೆ ಹೋದರು, ಒಬ್ಬರೇ ತಿರುಗಿ ಬಂದರು. ಬರುವುದಿಲ್ಲವೆಂದಳು ಎಂದಷ್ಟೇ ಹೇಳಿ ಜಮಖಾನೆಯ ಮೇಲೆ ಕೂತರು. ನಾನು ಮಾಡಿಟ್ಟ ಶೇಂಗಾದುಂಡಿ ಡಬ್ಬಿಯಲ್ಲೇ ಕಮಟು ವಾಸನೆ ಹಿಡಿದವು. ಮಗಳು ನನಗೆ ಫೋನು ಮಾಡುತ್ತಿದ್ದಳು, ಅಪ್ಪನ ಹೆಸರು ಎತ್ತುತ್ತಿರಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ, ಫೋನಿನಲ್ಲಿ ಹಣ ಹಚ್ಚಿ ಆಡುವ ಆಟಗಳನ್ನೆಲ್ಲ ನಿಲ್ಲಿಸಬೇಕೆಂದು ಸರಕಾರ ಕಾನೂನು ಮಾಡಿತು. ಒಂದು ಮುಂಜಾನೆ ಅವರು ಇಸ್ತ್ರಿಯ ಅಂಗಿ ತೊಟ್ಟು ಕೂತಾಗ ಮೇಜುಗಳೇ ಇರಲಿಲ್ಲ. ಅವರ ಬಾಳಿನಲ್ಲಿ ಇದು ಎರಡನೆಯ ಕಾರ್ಖಾನೆ ಮುಚ್ಚಿದ್ದು. ಕೊನೆಗೆ ಗಳಿಸಿದಿರೋ ಕಳೆದಿರೋ ಎಂದು ಕೇಳಿದೆ. ಹೋದದ್ದೂ ಇಲ್ಲ, ಬಂದದ್ದೂ ಇಲ್ಲ ಎಂದರು. ನಿಜವಿರಬಹುದು. ನನಗೆ ಅದು ಬೇಕಾಗಿಯೂ ಇರಲಿಲ್ಲ. ಆಟ ಹೋಯಿತಲ್ಲ, ಇನ್ನು ಮುಖ ತಾನಾಗಿ ಬರುತ್ತದೆ ಎಂದು ಕಾದೆ.

ಬರಲಿಲ್ಲ. ಒಂದು ದಿನ ನಾನು ಬಟ್ಟೆ ಅಳೆಯುವ ಟೇಪು ಹುಡುಕುತ್ತ ಒಳಗೆ ಹೋದರೆ ಅವರು ಮತ್ತೆ ಕಪಾಟಿನ ಕನ್ನಡಿಯ ಮುಂದೆ ನಿಂತಿದ್ದರು. ಈ ಸಲ ತುಟಿಯ ತುದಿಗಳನ್ನು ಎರಡು ಬೆರಳಿನಿಂದ ಮೇಲೆತ್ತಿ ಹಿಡಿದಿದ್ದರು. ಬೆರಳು ತೆಗೆದರೆ ತುಟಿ ಇಳಿಯುತ್ತಿತ್ತು. ಕನ್ನಡಿಯಲ್ಲಿ ನನ್ನನ್ನು ಕಂಡು ಕೈ ಕೆಳಗಿಳಿಸಿದರು.

“ಬರವಲ್ದು,” ಎಂದರು.

ಹುಬ್ಬಳ್ಳಿಯ ಡಾಕ್ಟರರು ನರಗಳನ್ನೆಲ್ಲ ಪರೀಕ್ಷೆ ಮಾಡಿ ದೋಷವೇನೂ ಇಲ್ಲ, ಮನಸ್ಸಿಗೆ ಹೊತ್ತು ಕೊಡಿರಿ ಎಂದರು. ಬಸ್ಸಿನಲ್ಲಿ ತಿರುಗಿ ಬರುವಾಗ ನನಗೆ ಅಳು ತಡೆಯಲಾಗಲಿಲ್ಲ. ಇವರ ಮುಖ ನೋಡಿದೆ, ಕಿಟಕಿಯ ಗಾಜಿನ ಹಾಗಿತ್ತು. ನನ್ನ ಬಾಯಿಂದ ಹೇಗೆ ಬಂತೋ, ಹಾಗಾದರೆ ಬಾಯಿಯಿಂದ ಹೇಳಿರಿ, ಏನೆನಿಸುತ್ತದೋ ಅದನ್ನು ಹೇಳಿರಿ, ಇನ್ನು ಮುಂದೆ ನಾನು ಊಹೆ ಮಾಡಲಾರೆ ಎಂದೆ.

ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದವರು ನೋಡಿ, ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿದರು. ಮರುದಿನ ಎಣಗಾಯಿ ಉಂಡು ಕೈ ತೊಳೆದು ಬಂದು, ನನಗ ಈಗ ಸಂತೋಷ ಆಗೇತಿ, ಎಂದು ವರದಿ ಒಪ್ಪಿಸಿದರು. ಹಾಲಿನವನಿಗೆ, ನೀರು ಹೆಚ್ಚಾದ ಕಾರಣ ತಮಗೆ ಸಿಟ್ಟು ಬಂದಿದೆ ಎಂದು ಶಾಂತವಾಗಿ ತಿಳಿಸಿದರು; ಅವನು ಎಂದೂ ಇಲ್ಲದಷ್ಟು ಹೆದರಿ ಗಟ್ಟಿ ಹಾಲು ತಂದ. ಇಷ್ಟು ವರ್ಷದ ಮೇಲೆ ನನ್ನ ಗಂಡನಿಗೆ ಗುಡುಗೆಂದರೆ ಭಯ ಎಂಬ ಸಂಗತಿ ನನಗೆ ತಿಳಿಯಿತು. ಬಾಯಿಪಾಠವೆಂದುಕೊಂಡಿದ್ದ ಪುಸ್ತಕದಲ್ಲಿ ನಾನು ಎಷ್ಟು ಹಾಳೆ ಹಾರಿಸಿದ್ದೆನೋ ಯಾರಿಗೆ ಗೊತ್ತು.

ಮೊನ್ನೆ ಮಧ್ಯಾಹ್ನ ನಾನು ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಅವರು ಬಂದು ಕೈ ಚಾಚಿದರು. ನಾನು ಸ್ಪೀಕರ್ ಹಚ್ಚಿ ಕೊಟ್ಟೆ. ಅಪ್ಪ ಮಾತಾಡುತ್ತಾರಂತೆ ಎಂದೆ. ಅವಳು ಫೋನು ಇಡಲಿಲ್ಲ.

“ಸುಜಾ, ಕೂಸನ್ನ ನಾ ನೋಡೇನಿ,” ಎಂದರು. “ಮಣ್ಣು ಕೊಡೂಕಿಂತ ಮೊದಲ ಅರಿವಿ ಸರಿಸಿ ನೋಡಿದ್ನಿ. ನಿನಗ ಯಾರೂ ತೋರಿಸಲಿಲ್ಲ. ನಾನು ಹೇಳಲಿಲ್ಲ.”

ಆ ಕಡೆಯಿಂದ ಸಣ್ಣ ದನಿ ಬಂತು. “ಹ್ಯಾಂಗಿತ್ತಪಾ?”

“ಮೂಗು ನಿಂದ. ಗದ್ದ ನಿನ್ನ ಗಂಡಂದು. ತಲಿ ತುಂಬ ಕೂದಲಿತ್ತು, ನೀ ಹುಟ್ಟಿದಾಗ ಇದ್ದಂಗ. ಯಾರೋ ನಿದ್ದಿಯಿಂದ ಎಬ್ಬಿಸಿದ್ರ ಸಿಟ್ಟಾಗತಾವಲ್ಲ ಕೂಸುಗಳು, ಹಂಗ ಹುಬ್ಬು ಗಂಟ ಹಾಕಿತ್ತು. ಭಾಳ ಚಂದ ಇತ್ತವಾ. ನನಗ ಭಾಳ ದುಃಖ ಆತು. ದಿನಾ ಆಗತೈತಿ.”

ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾನು ನೋಡುವುದನ್ನು ಬಿಟ್ಟು ಗೋಡೆಗೆ ಆತು ಕೂತೆ. ತಂಬೂರಿನಲ್ಲಿ ಮಗಳು ಅಳುತ್ತಿದ್ದಳು. ಅತ್ತು ಮೂಗು ಸೀಟಿಕೊಂಡು, ಇನ್ನೊಮ್ಮೆ ಹೇಳಪಾ, ಎಂದಳು.

ಅವರು ಮತ್ತೆ ಮೂಗಿನಿಂದ ಶುರು ಮಾಡಿದರು.