ಅವನಿಗೊಂದು ಚುಕ್ಕೆ

ಬಿ.ಸಿ.ರೋಡಿನಲ್ಲಿ ನಮ್ಮ ವಾರಪತ್ರಿಕೆಯ ಕಚೇರಿ ಇರುವುದು ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರು ತಾಲೂಕುಗಳ ಸುದ್ದಿಯನ್ನು ನಾವು ನಾಲ್ಕೈದು ಮಂದಿ ಸೇರಿ ಹೊರತರುತ್ತೇವೆ. ಪತ್ರಿಕೆ ಕನ್ನಡದ್ದು. ಆದರೆ ಮೂರನೇ ಪುಟದಲ್ಲಿ ಒಂದು ತುಳು ಅಂಕಣವಿತ್ತು. ಊರಿನವರು ತಮ್ಮ ಬದುಕಿನ ಬಗ್ಗೆ ಹೇಳಿದ್ದನ್ನು ಅವರದೇ ತುಳುವಿನಲ್ಲಿ, ಕನ್ನಡ ಲಿಪಿಯಲ್ಲಿ, ಒಂದು ಪದವನ್ನೂ ಸೇರಿಸದೆ ಒಂದನ್ನೂ ಬಿಡದೆ ಹಾಕುವುದು ಅದರ ನಿಯಮ. ಬರೆದುಕೊಂಡು ಬಂದು ಟೈಪ್ ಮಾಡುವುದು ನನ್ನ ಕೆಲಸ. ಪುಟ ಕಟ್ಟುವುದು ನನ್ನ ಸ್ನೇಹಿತೆಯ ಕೆಲಸ. ಅವಳು ದಿನಾ ಮೂಡುಬಿದಿರೆಯಿಂದ ಬಸ್ಸಿನಲ್ಲಿ ಬರುತ್ತಾಳೆ. ನಾನು ನಡುವೆ ಹತ್ತುತ್ತೇನೆ. ಕಿಟಕಿಯ ಪಕ್ಕದ ಸೀಟಿನಲ್ಲಿ ಅವಳ ಚೀಲ ನನಗಾಗಿ ಕಾದಿರುತ್ತಿತ್ತು.

ಅಂಕಣದ ಆರಂಭದಲ್ಲೇ ಒಂದು ತೊಡಕು ಎದುರಾಯಿತು. ತುಳು ಬಲ್ಲವರಿಗೆ ಇದು ಗೊತ್ತಿದೆ. ಗೊತ್ತಿಲ್ಲದವರಿಗೆ ಹೇಳಬೇಕು. ಕನ್ನಡದಲ್ಲಿ ‘ನಾನು ಕೊಟ್ಟೆ’, ‘ಅವನು ಕೊಟ್ಟ’ ಎಂಬುದಕ್ಕೆ ಬೇರೆ ಬೇರೆ ರೂಪ. ತುಳುವಿನಲ್ಲಿ ಎರಡನ್ನೂ ಕನ್ನಡ ಲಿಪಿಯಲ್ಲಿ ಬರೆದರೆ ‘ಕೊರಿಯೆ’ ಎಂದೇ ಆಗುತ್ತದೆ. ಕಿವಿಗೆ ಮಾತ್ರ ವ್ಯತ್ಯಾಸ ಸ್ಪಷ್ಟ. ಕೊಟ್ಟವನು ನಾನಾದರೆ ಕೊನೆಯ ‘ಎ’ಕಾರಕ್ಕೆ ಬಾಯಿ ಅಗಲವಾಗುತ್ತದೆ, ಇಂಗ್ಲಿಷಿನ ‘ಬ್ಯಾಟ್’ ಎನ್ನುವಾಗ ಆಗುವ ಹಾಗೆ. ಕೊಟ್ಟವನು ಅವನಾದರೆ ನಮ್ಮ ಸಾದಾ ‘ಎ’. ಬಂದೆ, ಹೋದೆ, ಹೇಳಿದೆ, ಎಲ್ಲದಕ್ಕೂ ಇದೇ ಗೋಳು. ಕೀಲಿಮಣೆಯಲ್ಲಿ ಮಾತ್ರ ಇರುವುದು ಒಂದೇ ಎತ್ವ.

ಸ್ನೇಹಿತೆ ಇದಕ್ಕೆ ಒಂದು ಮಧ್ಯಾಹ್ನ ಉಪಾಯ ಹುಡುಕಿದಳು. ನಮ್ಮ ಹಳೆಯ ಫಾಂಟಿನಲ್ಲಿ ಯಾರೂ ಬಳಸದ ಖಾಲಿ ಜಾಗವೊಂದಿತ್ತು. ಅಲ್ಲಿ ಅವಳು ತಲೆಯ ಮೇಲೆ ಸಣ್ಣ ಚುಕ್ಕೆ ಇರುವ ಎತ್ವವನ್ನು ತಾನೇ ಬಿಡಿಸಿ ಕೂರಿಸಿದಳು. ಆಲ್ಟ್ ಒತ್ತಿ ಹಿಡಿದು ಬಲಗಡೆಯ ಅಂಕೆಗಳಲ್ಲಿ ಸೊನ್ನೆ, ಎರಡು, ಮೂರು, ಎರಡು ಒತ್ತಿದರೆ ಚುಕ್ಕೆಯ ಎತ್ವ ಬರುತ್ತಿತ್ತು. ಬೇರೆ ಫಾಂಟಿನಲ್ಲಿ ಅದೇ ಕೀಗಳು ಫ್ರೆಂಚರ ಅಕ್ಷರವೊಂದನ್ನು ಕೊಡುತ್ತವೆ, ತಲೆಯ ಮೇಲೆ ಓರೆ ಗೀಟು ಇರುವ ‘e’. ಅದನ್ನು ತೋರಿಸಿ ಅವಳು ನಕ್ಕಿದ್ದಳು. ನಾವು ಮಾತಾಡಿಕೊಳ್ಳುವುದು ತುಳುವಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಚುಕ್ಕೆ ಯಾರಿಗೆ ಇಡುವ? ನನಗೋ, ಅವನಿಗೋ?” ಎಂದು ಕೇಳಿದಳು.

“ಬಾಯಿ ಅಗಲ ಆಗುವುದು ‘ನಾನು’ಗೆ ಅಲ್ವಾ? ನ್ಯಾಯವಾಗಿ ಅದಕ್ಕೇ ಇಡಬೇಕು.”

“ನಿನ್ನ ನ್ಯಾಯ ನಿನ್ನ ಹತ್ರ ಇರ್ಲಿ ಮಾರಾಯ್ತಿ. ಜನ ಎಲ್ಲ ಹೇಳುವುದು ತಮ್ಮ ಬಗ್ಗೆಯೇ. ನಾನು ಬಂದೆ, ನಾನು ಮಾಡಿದೆ, ನಾನು ಗೆದ್ದೆ. ಅಷ್ಟಕ್ಕೆಲ್ಲ ಚುಕ್ಕೆ ಇಟ್ಟು ನನ್ನ ಬೆರಳು ಹೋದೀತು. ಅವನಿಗೆ ಇಡುವ, ಕೆಲಸ ಕಮ್ಮಿ.”

“ಅವಳಿಗೆ?”

“ಅವಳಿಗೆ ಎಂತಕ್ಕೆ? ಆಳ್ ಕೊರಿಯಳ್. ಸ್ಪಷ್ಟ ಉಂಟು. ಈ ಗಂಡಸರದ್ದೇ ನಾನೋ ಅವನೋ ಗೊತ್ತಾಗದ್ದು.”

ಹೀಗೆ ಚುಕ್ಕೆ ಅವನದಾಯಿತು. ಮೊದಲ ಕೆಲವು ವಾರ ಅಂಕಣದ ಅಡಿಯಲ್ಲಿ ಅದರ ಅರ್ಥವನ್ನು ಅಚ್ಚು ಹಾಕಿದೆವು. ಆಮೇಲೆ ಓದುಗರಿಗೇ ರೂಢಿಯಾಯಿತು.

ವಾಮದಪದವಿನಿಂದ ಒಳಗೆ ಹೋದರೆ ನಾನು ಕಲಿತ ಅನುದಾನಿತ ಶಾಲೆ. ಮಕ್ಕಳು ಕಡಿಮೆಯಾಗಿ ಅದು ಮುಚ್ಚಿತು. ಮುಚ್ಚಲು ಆಡಳಿತ ಸಮಿತಿ ಇಲಾಖೆಗೆ ಒಪ್ಪಿಗೆ ಕೊಟ್ಟಿತ್ತು. ಆ ಒಪ್ಪಿಗೆ ಕೊಟ್ಟವರು ಯಾರು ಎಂಬುದೇ ಊರಿನಲ್ಲಿ ಮಾತಾಗಿತ್ತು. ಸಮಿತಿಯ ಅಧ್ಯಕ್ಷ ಅದೇ ಶಾಲೆಯ ಹಳೆ ವಿದ್ಯಾರ್ಥಿ. ಅಲ್ಲಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದ, ನನಗೂ ಅವನಿಗೂ ಅಕ್ಷರ ಕಲಿಸಿದ ಮಾಸ್ಟ್ರು ಸಮಿತಿಯ ಹಿರಿಯ ಸದಸ್ಯ. ಇಬ್ಬರಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ.

ಅಂಕಣಕ್ಕಾಗಿ ಮಾಸ್ಟ್ರ ಮನೆಗೆ ಹೋದೆ. ತಮ್ಮ ಮೇಷ್ಟ್ರಗಿರಿಯ ಕಥೆಯನ್ನೆಲ್ಲ ಹೇಳಿದರು. ಕೊನೆಗೆ, ನಾನು ಕೇಳದೆಯೇ, ಶಾಲೆ ಮುಚ್ಚಿದ ವಿಷಯಕ್ಕೆ ಬಂದರು. ಅವರು ಹೇಳಿದ್ದು ಮೂರು ವಾಕ್ಯ. “ಆಯೆ ಎನ್ನ ಇಲ್ಲಡೆ ಬತ್ತೆ. ಯಾನ್ ಬೊಡ್ಚಿ ಪಂಡೆ. ಅಕೇರಿಗ್ ಒಪ್ಪಿಗೆ ಕೊರಿಯೆ.” ಅವನು ನನ್ನ ಮನೆಗೆ ಬಂದ. ನಾನು ಬೇಡ ಎಂದೆ. ಕೊನೆಗೆ ಒಪ್ಪಿಗೆ ಕೊಟ್ಟ. ಕೊನೆಯ ವಾಕ್ಯದಲ್ಲಿ ‘ಆಯೆ’, ಅಂದರೆ ‘ಅವನು’, ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಬಾಯಿ ಅಗಲವಾಗದ ಆ ‘ಎ’ ನನಗೆ ಸ್ಪಷ್ಟವಾಗಿ ಕೇಳಿತ್ತು.

“ಹೀಗೇ ಹಾಕಲಾ ಮಾಸ್ಟ್ರೇ?” ಎಂದು ಕೇಳಿದೆ.

“ಹೇಳಿದ್ದು ಹಾಕ್ಲಿಕ್ಕೇ ಅಲ್ವಾ? ನನ್ನ ಕೈಯಲ್ಲಿ ಮಗ್ಗಿ ಕಲಿತವ ಅವ. ಅವನಿಗೆ ನಾನು ಬಹುವಚನ ಹಾಕುವುದಿಲ್ಲ.”

ಹಾಕಿದ್ದರೆ ಬಚಾವಾಗುತ್ತಿದ್ದರು. ಗೌರವದ ರೂಪ ‘ಕೊರಿಯೆರ್’. ಅದಕ್ಕೆ ಯಾವ ಚುಕ್ಕೆಯೂ ಬೇಡ.

ಆ ವಾರವೇ ಕಚೇರಿಯ ಕಂಪ್ಯೂಟರುಗಳು ಹಳೆಯ ಫಾಂಟಿನಿಂದ ಯುನಿಕೋಡಿಗೆ ಬದಲಾದವು. ನಾನು ಬರಹವನ್ನು ಹಳೆಯ ಫಾಂಟಿನಲ್ಲೇ ಚುಕ್ಕೆಗಳ ಸಮೇತ ಟೈಪ್ ಮಾಡಿ, ಅಚ್ಚು ತೆಗೆದು ಓದಿ ನೋಡಿ, ಸ್ನೇಹಿತೆಗೆ ಒಪ್ಪಿಸಿ ಬೆಳ್ತಂಗಡಿಗೆ ಹೋದೆ. ಅಲ್ಲಿ ತಹಶೀಲ್ದಾರರ ಸಭೆಯ ವರದಿ ಇತ್ತು. ಅವಳು ಬರಹವನ್ನು ಯುನಿಕೋಡಿಗೆ ಪರಿವರ್ತಿಸಿದಾಗ ಅದರಲ್ಲಿ ಇಲ್ಲದ ನಮ್ಮ ಚುಕ್ಕೆಯ ಎತ್ವದ ಜಾಗದಲ್ಲೆಲ್ಲ ಖಾಲಿ ಚೌಕಗಳು ಬಂದವು. ಅವಳು ಚೌಕ ಇದ್ದಲ್ಲೆಲ್ಲ ಸಾದಾ ಎತ್ವ ಬರುವಂತೆ ಒಂದೇ ಏಟಿಗೆ ಬದಲಾಯಿಸಿ ಪುಟವನ್ನು ಅಚ್ಚಿಗೆ ಕಳಿಸಿದಳು. ನನಗೆ ಫೋನ್ ಮಾಡಲಿಲ್ಲ. ಚುಕ್ಕೆ ಇಲ್ಲದ ‘ಕೊರಿಯೆ’ ನಮ್ಮದೇ ನಿಯಮದ ಪ್ರಕಾರ ‘ನಾನು ಕೊಟ್ಟೆ’ ಎಂದಾಗುತ್ತದೆ.

ವಾಮದಪದವಿನಲ್ಲಿ ನಾನು ಸಾಮಾನು ಕೊಳ್ಳುವ ದಿನಸಿ ಅಂಗಡಿಯ ಮಾಲೀಕರಾದ ಬ್ಯಾರಿಗಳು ನಮ್ಮ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವವರು. ನನ್ನನ್ನು ಕಂಡದ್ದೇ, “ಎಂಥದು ಅಕ್ಕ, ಮಾಸ್ಟ್ರೇ ಒಪ್ಪಿದ್ದಂತಲ್ಲ! ಒಮ್ಮೆ ಬೇಡ ಹೇಳಿ ಮತ್ತೆ ಹೂಂ ಅಂದದ್ದಂತೆ. ನಾವು ಸುಮ್ಮನೆ ಆ ಅಧ್ಯಕ್ಷರನ್ನು ಬೈದದ್ದು” ಎಂದರು. ಅಂಗಡಿಯಲ್ಲಿದ್ದ ಇನ್ನಿಬ್ಬರು ತಲೆ ಆಡಿಸಿದರು. ಅಲ್ಲಿಯೇ ಪತ್ರಿಕೆ ತೆಗೆದು ನೋಡಿದೆ.

ಮಾಸ್ಟ್ರು ಫೋನಿನಲ್ಲಿ ಬೈಯಲಿಲ್ಲ. “ನೀನು ‘ಆಯೆ’ ಅಂತ ಒಂದು ಪದ ಸೇರಿಸಬಹುದಿತ್ತಲ್ಲ?” ಎಂದಷ್ಟೇ ಕೇಳಿದರು. ಹೇಳದ ಪದವನ್ನು ಇನ್ನೊಬ್ಬರ ಬಾಯಿಗೆ ಹಾಕಬಾರದು ಎಂಬ ನಮ್ಮ ನಿಯಮವನ್ನು ಅವರಿಗೆ ವಿವರಿಸಲು ಹೋಗಲಿಲ್ಲ. ಮುಂದಿನ ವಾರವೇ ತಿದ್ದುಪಡಿ ಬರುತ್ತದೆ ಎಂದೆ.

ಸ್ನೇಹಿತೆ ಅಂದು ಕಣ್ಣೀರು ಹಾಕಿದಳು. “ಚೌಕ ಕಂಡು ಗಡಿಬಿಡಿ ಆಯ್ತು. ತಿದ್ದುಪಡಿ ನೀನೇ ಬರಿ, ಒಳ್ಳೆ ಜಾಗದಲ್ಲಿ ನಾನೇ ಕೂರಿಸ್ತೇನೆ” ಎಂದಳು. ನಾನು ಸ್ಪಷ್ಟ ಕನ್ನಡದಲ್ಲಿ ಬರೆದೆ. ಕಳೆದ ಸಂಚಿಕೆಯ ತುಳು ಅಂಕಣದಲ್ಲಿ ಪುಟ ಜೋಡಿಸುವಾಗ ಒಂದು ಗುರುತು ಬಿಟ್ಟುಹೋಗಿ ಅರ್ಥ ಬದಲಾಗಿದೆ, ಶಾಲೆ ಮುಚ್ಚಲು ಒಪ್ಪಿಗೆ ಕೊಟ್ಟದ್ದು ತಾವಲ್ಲ, ಸಮಿತಿಯ ಅಧ್ಯಕ್ಷರು ಎಂಬುದು ಮಾಸ್ಟರರ ಹೇಳಿಕೆ, ‘ಕೊರಿಯೆ’ (ನಾನು ಕೊಟ್ಟೆ) ಎಂದಿರುವುದನ್ನು ‘ಕೊರಿಯೆ’ (ಅವನು ಕೊಟ್ಟ) ಎಂದು ಓದಿಕೊಳ್ಳಬೇಕು, ಪ್ರಮಾದಕ್ಕೆ ವಿಷಾದಿಸುತ್ತೇವೆ. ಸಂಪಾದಕರಿಗೆ ಕಳಿಸಿದೆ. ಅವರಿಂದ ಅದು ಪುಟಕ್ಕೆ ಹೋಯಿತು.

ಪತ್ರಿಕೆಯಲ್ಲಿ ಬಂದದ್ದು ಒಂದೇ ಸಾಲು. “ಕಳೆದ ಸಂಚಿಕೆಯ ತುಳು ಅಂಕಣದಲ್ಲಿ ‘ಕೊರಿಯೆ’ ಎಂದಿರುವುದನ್ನು ‘ಕೊರಿಯೆ’ ಎಂದು ಓದಿಕೊಳ್ಳಬೇಕಾಗಿ ವಿನಂತಿ.”

ನಾನು ಆ ಸಾಲನ್ನು ಹಲವು ಸಲ ಓದಿದೆ. ಯಾರೇ ಓದಿದರೂ ಅದರಲ್ಲಿ ತಿದ್ದಿದ್ದು ಏನೂ ಇಲ್ಲ.

“ಸರ್ ಕಡಿದ್ರು, ಜಾಗ ಇಲ್ಲ ಅಂತ” ಎಂದಳು ಸ್ನೇಹಿತೆ. ನಾನು ನಂಬಿದೆ. ಕೇಳಿ ನೋಡಲು ಸಂಪಾದಕರು ಆ ಎರಡು ದಿನ ಊರಲ್ಲಿರಲಿಲ್ಲ.

ದಿನಸಿ ಅಂಗಡಿಯಲ್ಲಿ ಬ್ಯಾರಿಗಳು ನನ್ನನ್ನು ಗಂಭೀರವಾಗಿ ನೋಡಿದರು. “ಅಕ್ಕ, ನನಗೆ ಒಂದು ಡೌಟು ಉಂಟು. ಸಕ್ಕರೆ ಎಂಬುದನ್ನು ಸಕ್ಕರೆ ಎಂದು ಓದಿಕೊಳ್ಳಬೇಕು ಅಂದ್ರೆ, ನಾನೀಗ ನಿಮಗೆ ಯಾವುದನ್ನು ಕಟ್ಟಿ ಕೊಡ್ಲಿ?” ಎಲ್ಲರೂ ನಕ್ಕರು. ನಗುವಂಥದ್ದೇ ಆಗಿತ್ತು.

ಆ ಭಾನುವಾರ ಶಾಲೆಯಲ್ಲಿ ಹಳೆ ವಿದ್ಯಾರ್ಥಿಗಳ ಕೊನೆಯ ಸಭೆ. ಮಾಸ್ಟ್ರಿಗೆ ಸನ್ಮಾನ ಎಂದು ಮೊದಲೇ ಗೊತ್ತಾಗಿತ್ತು. ವರದಿ ಮಾಡಲು ನಾನೂ ಹೋಗಿದ್ದೆ. ಅಧ್ಯಕ್ಷ ಮೈಕು ಹಿಡಿದು ತುಂಬ ವಿನಯದಿಂದ ಮಾತಾಡಿದ. “ಈ ಶಾಲೆ ಮುಚ್ಚುವ ನಿರ್ಧಾರ ನಮಗೆ ಯಾರಿಗೂ ಸುಲಭ ಆಗಿರಲಿಲ್ಲ. ನಮ್ಮ ಗುರುಗಳೇ ದೊಡ್ಡ ಮನಸ್ಸು ಮಾಡಿ ಒಪ್ಪಿಗೆ ಕೊಟ್ರು. ಅದನ್ನು ಪತ್ರಿಕೆಯಲ್ಲೂ ಧೈರ್ಯವಾಗಿ ಹೇಳಿಕೊಂಡ್ರು. ಇಂಥವರು ಈಗ ಎಲ್ಲಿದ್ದಾರೆ?” ಎಂದ. ಚಪ್ಪಾಳೆ ಬಿತ್ತು. ಜೋರಾದ ಚಪ್ಪಾಳೆಯಲ್ಲ. ಶಾಲು ಹೊದಿಸಿ ಕಾಲು ಮುಟ್ಟಿದ.

ಮಾಸ್ಟ್ರು ಎದ್ದು ನಿಂತರು. ಮೈಕಿನ ಹತ್ತಿರ ಬಂದು, “ಒಪ್ಪಿಗೆ ಕೊಟ್ಟವ ನಾನಲ್ಲ. ಇವ ಕೊಟ್ಟದ್ದು. ನಾನು ಬೇಡ ಅಂದಿದ್ದೆ” ಎಂದರು. ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿಲ್ಲ. ಆಮೇಲೆ ಮುಂದಿನ ಸಾಲಿನಿಂದ ಒಬ್ಬರು ಕುಳಿತಲ್ಲಿಂದಲೇ ಹೇಳಿದರು:

“ಅದು ಹೇಗೆ ಮಾಸ್ಟ್ರೇ? ಪೇಪರಿನಲ್ಲಿ ಎರಡು ಸಲ ಬಂದಿದೆಯಲ್ಲ. ಮೊದಲು ಕೊರಿಯೆ. ತಿದ್ದಿದ ಮೇಲೂ ಕೊರಿಯೆ.”

ಹಿಂದಿನಿಂದ ಇನ್ನೊಬ್ಬರು, “ಪ್ರಾಯ ಆಯ್ತು, ಬಿಡಿ ಮಾರಾಯ್ರೆ, ನೆನಪು ಇರುವುದಿಲ್ಲ” ಎಂದರು. ಅದನ್ನು ಕರುಣೆಯಿಂದಲೇ ಹೇಳಿದ್ದು. ನಾನು ಎದ್ದು, ತಪ್ಪು ಪತ್ರಿಕೆಯದು, ಮಾಸ್ಟ್ರು ಹೇಳಿದ್ದನ್ನು ಬರೆದುಕೊಂಡವಳು ನಾನು ಎಂದೆ. ಅಧ್ಯಕ್ಷ ನಗುತ್ತ, “ನಿಮಗೂ ಗುರುಗಳಲ್ವಾ, ಅಭಿಮಾನ ಇರ್ತದೆ” ಎಂದು ಮುಂದಿನ ಕಾರ್ಯಕ್ರಮ ಕರೆದ. ಮಾಸ್ಟ್ರು ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು ಊಟಕ್ಕೆ ನಿಲ್ಲದೆ ಹೋದರು.

ಸೋಮವಾರ ಸಂಪಾದಕರನ್ನು ಕೇಳಿದೆ. “ನಾನು ಒಂದಕ್ಷರ ಮುಟ್ಟಲಿಲ್ಲ. ಪೂರ್ತಿ ಹಾಕಿ ಅಂತಲೇ ಕಳಿಸಿದ್ದು” ಎಂದರು. ನಾನು ಮೂರನೇ ಪುಟವನ್ನು ತೆಗೆದುಕೊಂಡು ಸ್ನೇಹಿತೆಯ ಮೇಜಿಗೆ ಹೋದೆ. ತಿದ್ದುಪಡಿಯ ಕೆಳಗೆ, ಉಳಿದ ವಾಕ್ಯಗಳು ಆರಾಮಾಗಿ ಹಿಡಿಸುವಷ್ಟು ಜಾಗದಲ್ಲಿ, ಒಂದು ಬಳ್ಳಿಯ ಚಿತ್ತಾರ ಇತ್ತು. ಖಾಲಿ ಉಳಿದಲ್ಲಿ ಅವಳು ಹಾಕುವ ಚಿತ್ತಾರ.

“ಸರ್ ಕಡಿಯಲಿಲ್ಲವಂತೆ” ಎಂದೆ.

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಪುಟ ಜೋಡಿಸುವಾಗ ಆದ ತಪ್ಪು ಅಂತ ನೀನು ಬರೆದಿದ್ದಿ. ಪುಟ ಜೋಡಿಸುವುದು ಯಾರು? ಈ ಯುನಿಕೋಡು ಬಂದ ಮೇಲೆ ಕಲಿಯಲಿಕ್ಕೆ ಆಗದವರು ಕೆಲಸಕ್ಕೆ ಬೇಡ ಅಂತ ಸರ್ ಹೇಳಿದ್ದು ನಿನಗೆ ಗೊತ್ತುಂಟಲ್ಲ.”

“ಆ ಒಂದು ಮಾತು ತೆಗೆಯಬಹುದಿತ್ತು. ಅಧ್ಯಕ್ಷರು ಕೊಟ್ಟದ್ದು ಎಂಬ ವಾಕ್ಯ ಯಾಕೆ ತೆಗೆದದ್ದು?”

“ಅದು ಇದ್ದರೆ ಜಗಳ ಆಗ್ತಿತ್ತು. ಜಗಳ ಆದ್ರೆ ಯಾರಿಂದ ಅಂತ ಕೇಳ್ತಾರೆ.”

“ಉಳಿದ ಸಾಲಿಗೆ ಅರ್ಥ ಇಲ್ಲ ಅಂತ ನಿನಗೆ ಗೊತ್ತಿರಲಿಲ್ವಾ?”

ಈಗ ನನ್ನ ಕಡೆ ನೋಡಿದಳು. “ಗೊತ್ತಿತ್ತು. ಮಾಸ್ಟ್ರಿಗೆ ಪಿಂಚಣಿ ಬರ್ತದೆ ಮಾರಾಯ್ತಿ. ನಾಲ್ಕು ದಿನ ಮಾತಾಡಿ ಬಿಡ್ತಾರೆ. ನನಗೆ ಯಾರು ಉಂಟು?”

ಇದನ್ನು ದಾಖಲೆಗಾಗಿ ಬರೆಯುತ್ತಿದ್ದೇನೆ. ಅವಳ ಮನೆಯ ಕಷ್ಟ ನನಗೆ ತಿಳಿಯದ್ದಲ್ಲ. ಅವಳು ಕೇಳಿದ್ದರೆ ಪುಟದ ತಪ್ಪನ್ನು ನನ್ನ ಹೆಸರಿಗೆ ಬರೆದುಕೊಳ್ಳುತ್ತಿದ್ದೆ. ಕೇಳಲಿಲ್ಲ. ಗಡಿಬಿಡಿಯಲ್ಲಿ ಚೌಕ ಅಳಿಸಿದ್ದನ್ನು ನಾನು ತಪ್ಪು ಎನ್ನುತ್ತೇನೆ. ಎರಡು ‘ಕೊರಿಯೆ’ಗಳನ್ನು ಅಕ್ಕಪಕ್ಕ ಕೂರಿಸಿದ್ದಕ್ಕೆ ಆ ಪದ ಸಾಲದು. ಅವುಗಳ ವ್ಯತ್ಯಾಸ ಈ ಮೂರು ತಾಲೂಕುಗಳಲ್ಲಿ ಅವಳಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ತಿಳಿದದ್ದನ್ನೇ ಮರೆಮಾಡಲು ಬಳಸಿದಳು.

ಎರಡನೇ ತಿದ್ದುಪಡಿ ಬರೆದೆ. ಸಂಪಾದಕರು ಓದಿ ಮೇಜಿನ ಮೇಲಿಟ್ಟರು. “ಸನ್ಮಾನವೂ ಆಯ್ತಲ್ಲ. ಇನ್ನು ಕೆದಕಿದರೆ ಅವರಿಗೇ ಅವಮಾನ” ಎಂದರು. ಅದು ಅಚ್ಚಾಗಲಿಲ್ಲ. ತುಳು ಅಂಕಣವನ್ನು ನಾನು ನಿಲ್ಲಿಸಿದೆ.

ಇದನ್ನೆಲ್ಲ ಹೇಳಲು ಮಾಸ್ಟ್ರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕುಳಿತು ಪೂರ್ತಿ ಕೇಳಿದರು. ಈಗ ಪೇಟೆಗೆ ಹೋಗುವುದಿಲ್ಲವಂತೆ. ಹೋದರೆ ಜನ ತುಂಬ ಮರ್ಯಾದೆಯಿಂದ ಮಾತು ಬದಲಿಸುತ್ತಾರೆ ಎಂದರು. ನನ್ನ ಮೊಬೈಲಿನಲ್ಲಿ ಅಧ್ಯಕ್ಷನ ವಿಷಯ ಬರೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಲೇ ಎಂದು ಕೇಳಿದೆ.

“ಬೇಡ. ಮೂರನೇ ಸಲ ಕೊರಿಯೆ ಆದೀತು” ಎಂದು ನಕ್ಕರು. ಮತ್ತೆ ಕೇಳಿದರು, “ಆ ಪುಟ ಮಾಡುವವಳು ನಿನ್ನ ಸ್ನೇಹಿತೆ ಅಲ್ವಾ?”

ಹೌದು ಎಂದೆ. ಅಲ್ಲ ಎನ್ನಲು ಇನ್ನೂ ಬಾಯಿ ಬರುತ್ತಿರಲಿಲ್ಲ.

“ಒಪ್ಪಿಗೆ ಕೊಟ್ಟ ಅವನೂ ನನ್ನ ವಿದ್ಯಾರ್ಥಿಯೇ” ಎಂದರು ಮಾಸ್ಟ್ರು, ಮತ್ತು ಒಳಗೆ ತಿರುಗಿ ಎರಡು ಚಹಾಕ್ಕೆ ಹೇಳಿದರು.