ಹುಬ್ಬಳ್ಳಿಯಿಂದ ಒಂದು ತಾಸು

ಹುಬ್ಬಳ್ಳಿಯಿಂದ ಹೈದರಾಬಾದಿಗೆ ವಿಮಾನದ ದಾರಿ ನಾನೂರು ಚಿಲ್ಲರೆ ಕಿಲೋಮೀಟರು, ಹಾರಲು ಒಂದು ತಾಸು ಎಂದು ಮೊಬೈಲಿನಲ್ಲಿ ನೋಡಿ ಅವ್ವನಿಗೆ ಹೇಳಿದವಳು ನಾನೇ. ಹೈದರಾಬಾದಿನ ಮಾದಾಪುರದ ಆಫೀಸಿನಲ್ಲಿ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವಳು ನಾನು. ನನ್ನ ಶಾಣ್ಯಾತನಕ್ಕೆ ಬೆಂಕಿ ಬೀಳಲಿ.

ಆಗ ನಾನು ಏಳು ತಿಂಗಳ ಬಸುರಿ. ಕುಬಸ ಮಾಡಿ ಉಡಿ ತುಂಬಲು ಅವ್ವ ಬರುವವಳಿದ್ದಳು, ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಿ, ಒಬ್ಬಳೇ. ತಾರ್ನಾಕದ ಮನೆಯಿಂದ ಬೆಳಿಗ್ಗೆ ಬೇಗ ವಿಮಾನ ನಿಲ್ದಾಣಕ್ಕೆ ಕ್ಯಾಬ್ ಹಿಡಿದೆ. ಆರಾಮ್‌ಘರ್ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ಅವ್ವನ ಫೋನು ಬಂತು.

"ವಿಮಾನದಾಗ ಕುಂತೀನಿ. ಸೂಜಿನೂ ಚುಚ್ಚಿಕೊಂಡ್ನಿ. ಒಂದ್ ತಾಸಲ್ಲ? ಬಂದ ಕೂಡ್ಲೆ ನಿನ್ನ ಕೈಯಾಗಿನ ರೊಟ್ಟಿ ಉಣ್ತೀನಿ. ಬಾಗಿಲಾ ಹಾಕಾಕತ್ತಾರ, ಇಡ್ತೀನಿ."

"ಅವ್ವಾ, ಏನರ ತಿನ್ನು!" ಎಂದು ಕೂಗಿದೆ. ಫೋನು ಆಗಲೇ ಬಂದ್ ಆಗಿತ್ತು.

ಅವ್ವನಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಂಡು ಉಣ್ಣುವುದು ತಡವಾಗಿ ಒಮ್ಮೆ ಅಡಿಗೆಮನೆಯಲ್ಲಿ ಬಿದ್ದಿದ್ದಳು. ಆಗ ಪಕ್ಕದಲ್ಲಿ ನಾನಿದ್ದೆ, ಬಾಯಿಗೆ ಸಕ್ಕರೆ ಹಾಕಿದ್ದೆ. ವಿಮಾನದಲ್ಲಿ ಯಾರಿದ್ದಾರೆ? ಅವ್ವ ಪರಸ್ಥಳದಲ್ಲಿ ನೀರು ಕೇಳಲೂ ಸಂಕೋಚಪಡುವವಳು. ಬಾಗಿಲು ಹಾಕಿದ ಮೇಲೂ ವಿಮಾನ ಎಷ್ಟೋ ಹೊತ್ತು ನೆಲದ ಮೇಲೇ ನಿಲ್ಲುತ್ತದೆ ಎಂದು ನಾನು ಹೇಳಿರಲಿಲ್ಲ. ಇಳಿದ ಮೇಲೆ ನಮ್ಮ ಮನೆಗೆ ಇನ್ನೂ ಒಂದು ತಾಸಿನ ದಾರಿ ಎಂದೂ ಹೇಳಿರಲಿಲ್ಲ.

ಟ್ರಾಫಿಕ್ಕು ದಾಟಿ ಶಂಷಾಬಾದ್ ನಿಲ್ದಾಣ ಮುಟ್ಟುವಷ್ಟರಲ್ಲಿ ತಾಸಿನ ಮೇಲಾಗಿತ್ತು. ಬೋರ್ಡಿನಲ್ಲಿ ಅವಳ ವಿಮಾನದ ಮುಂದೆ ತಡ ಎಂದಿತ್ತು. ಹೊಟ್ಟೆ ಹಿಡಿದುಕೊಂಡೇ ಕೌಂಟರಿಗೆ ಓಡಿದೆ. ಅಲ್ಲಿದ್ದಾತ ಕಂಪ್ಯೂಟರ್ ನೋಡಿ, "ಪೈನೇ ತಿರುಗುತೋಂದಿ ಮೇಡಂ," ಎಂದ. ಇಳಿಯಲು ಜಾಗ ಸಿಗದೆ ಮೇಲೆಯೇ ಸುತ್ತುತ್ತಿತ್ತಂತೆ. ಅವ್ವ ನನ್ನ ತಲೆಯ ಮೇಲೇ ಎಲ್ಲೋ ಇದ್ದಳು, ಒಂದು ಚಮಚ ಸಕ್ಕರೆ ಕೊಡಲು ನನ್ನಿಂದ ಆಗುತ್ತಿರಲಿಲ್ಲ. ಅವಳ ಸಕ್ಕರೆ ಕಾಯಿಲೆಯ ವಿಷಯ ಹೇಳಿದೆ. ವಿಮಾನಕ್ಕೆ ಸುದ್ದಿ ಕಳಿಸುವ ಪ್ರಯತ್ನ ಮಾಡುತ್ತೇನೆಂದು ಆತ ಅವಳ ಸೀಟ್ ನಂಬರು ಬರೆದುಕೊಂಡ. ಸುದ್ದಿ ಮುಟ್ಟಿತೋ ಇಲ್ಲವೋ ಗೊತ್ತಾಗಲಿಲ್ಲ. ಒಳಗೆ ಕೂಸು ಒದೆಯುತ್ತಿತ್ತು. ನಾನು ಅದನ್ನೂ ಗದರಿಸಿದೆ.

ವಿಮಾನ ಇಳಿಯಿತು. ಜನ ಬಂದರು, ಮುಗಿದರು. ಅವ್ವ ಇಲ್ಲ. ಫೋನು ಹತ್ತಲಿಲ್ಲ. ಅವಳನ್ನು ನಾನೇ ಕೊಂದೆ ಎಂದುಕೊಂಡೆ, ಇದೇ ಮಾತು, ಇದ್ದದ್ದು ಇದ್ದ ಹಾಗೆ.

ಆಮೇಲೆ ಗಾಲಿ ಕುರ್ಚಿಯಲ್ಲಿ ಬಂದಳು. ರವಿಕೆ ಬೆವರಿನಲ್ಲಿ ತೊಯ್ದಿತ್ತು, ಕಣ್ಣು ತೆರೆದಿತ್ತು. ತೊಡೆಯ ಮೇಲೆ, ನನ್ನ ಕುಬಸಕ್ಕೆಂದು ಕಟ್ಟಿ ತಂದಿದ್ದ ಬುತ್ತಿಯ ಗಂಟು ಬಿಚ್ಚಿತ್ತು, ತುಟಿಗೆ ಉಂಡಿಯ ಪುಡಿ ಅಂಟಿತ್ತು. ನನ್ನನ್ನು ಕಂಡದ್ದೇ ಬಿಕ್ಕಿದಳು.

"ತಪ್ಪಾತವ್ವಾ. ನಿನ್ನ ಉಡಿಗೆ ಹಾಕೂಕಿಂತ ಮೊದಲ ನಾನ ಎಂಜಲಾ ಮಾಡಿದ್ನಿ. ಕೂಸಿಗೆ ಏನರ ಆದ್ರ?"

ಅವಳ ಕಾಲ ಹತ್ತಿರ ನೆಲದ ಮೇಲೇ ಕುಳಿತೆ, ಅವಳ ತಣ್ಣನೆಯ ಕೈ ಹಿಡಿದು. ಅವಳು ಕೂಸಿಗಾಗಿ ಹೆದರಿ ನಡುಗುತ್ತಿದ್ದಳು, ನಾನು ಅವಳಿಗಾಗಿ.

"ಹಸಿವಿಗೆ ತಿನ್ನಲಿಲ್ಲವ್ವಾ," ಎಂದಳು. "ಕಣ್ಣಿಗೆ ಕತ್ತಲಾತು. ನಾ ಸತ್ರ ನಿನ್ನ ಬಾಣಂತನ ಯಾರ ಮಾಡ್ತಾರ ಅಂತ ತಿಂದ್ನಿ."