ಪುಟದ ಕೊನೆಯ ಒಂದಿಂಚು

ಕಬ್ಬಿಣದ ಮೆಟ್ಟಿಲ ಮೇಲೆ ಹವಾಯಿ ಚಪ್ಪಲಿಯ ಪಟಪಟ, ಅದರ ಜೊತೆಗೇ ಮಗ್ಗಿ ಒಪ್ಪಿಸುವಂತೆ ‘ಸೆಲೆಕ್ಟ್ ಸ್ಟಾರ್ ಫ್ರಮ್... ಸೆಲೆಕ್ಟ್ ಸ್ಟಾರ್ ಫ್ರಮ್...’ ಹೆಬ್ಬಗೋಡಿಯ ನಮ್ಮ ಮನೆಯ ಬೆಳಗುಗಳು ಆಗ ಹೀಗೆ ಶುರುವಾಗುತ್ತಿದ್ದವು. ಹೊಸೂರು ರಸ್ತೆಯಲ್ಲಿ ಮೇಲ್ಸೇತುವೆ ಏಳುತ್ತಿದ್ದ ಕಾಲ. ಮಹಡಿಯ ರೂಮಿನಲ್ಲಿ ಬಾಗಲಕೋಟೆ ಕಡೆಯ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ಎಲೆಕ್ಟ್ರಾನಿಕ್ ಸಿಟಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಇನ್ನೂ ಪ್ರೊಬೇಶನ್. ಕನ್ಫರ್ಮ್ ಮಾಡುತ್ತಾರೋ ಊರಿಗೆ ಕಳಿಸುತ್ತಾರೋ ಎಂಬುದೊಂದೇ ಅವಳ ಚಿಂತೆ.

ಆಫೀಸಿನೊಳಗೆ ಪೆನ್ ಡ್ರೈವ್ ಬಿಡುತ್ತಿರಲಿಲ್ಲ, ಇಂಟರ್ನೆಟ್ಟೂ ಇರಲಿಲ್ಲ. ಹಾಗಾಗಿ ಸೀನಿಯರ್‌ಗಳು ಹೇಳಿಕೊಟ್ಟ ಕೋಡ್ ತುಣುಕುಗಳನ್ನೆಲ್ಲ ಅವಳು ಒಂದು ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುತ್ತಿದ್ದಳು. ಒಂದೇ ಹೆಸರು ಎರಡು ಸಲ ಬಂದಿದ್ದರೆ ಹುಡುಕುವುದು ಹೇಗೆ, ಪ್ರೋಗ್ರಾಂ ನಿಂತುಹೋದರೆ ಮೊದಲು ಯಾವ ಫೈಲ್ ನೋಡಬೇಕು, ಇಂಥವು. ಬೆಳಗಿನ ಆ ಮಗ್ಗಿಯೂ ಅದರೊಳಗಿನದೇ. ಅಕ್ಷರ ಮಾತ್ರ ದೇವರಿಗೇ ಪ್ರೀತಿ.

‘ಇದೇನು ಹ್ಯಾಂಡ್‌ರೈಟಿಂಗೋ, ಇರುವೆ ಇಂಕಲ್ಲಿ ಬಿದ್ದು ಓಡಾಡಿದ್ದೋ?’ ಅಂದೆ ಒಂದು ದಿನ.

‘ನಿಮ್ಮಂಗ ಕಾನ್ವೆಂಟ್‌ನ್ಯಾಗ ಕಲ್ತಿಲ್ರಿ ಆಂಟಿ. ನೀವಽ ಬರದ್ ಕೊಡ್ರಿ ಹಂಗಾರ.’

ಸರ್ಕಾರಿ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಸ್ಟೆನೋ ಆಗಿದ್ದವಳು ನಾನು. ರಿಟೈರ್ ಆದ ಮೇಲೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಗೇಟಿಗೆ ಅಲೆಯುತ್ತಿದ್ದೆ. ಫೌಂಟನ್ ಪೆನ್ನಿಗೆ ಇಂಕ್ ತುಂಬಿ ಎರಡೇ ವಾರದಲ್ಲಿ ಅಷ್ಟನ್ನೂ ಹೊಸ ನೋಟ್‌ಬುಕ್ಕಿಗೆ ಫೇರ್ ಕಾಪಿ ಮಾಡಿಕೊಟ್ಟೆ. ಅರ್ಥ ಒಂದೂ ಗೊತ್ತಿಲ್ಲ. ನೀಟ್‌ನೆಸ್ ಗೊತ್ತಿತ್ತು. ಪುಟದ ಕೆಳಗೆ ಒಂದಿಂಚು ಖಾಲಿ ಬಿಡಬೇಕು, ಏನೇ ಆದರೂ ಅಲ್ಲಿ ಬರೆಯಕೂಡದು; ಕಾನ್ವೆಂಟಿನ ಸಿಸ್ಟರ್ ಸ್ಕೇಲಿನಿಂದ ಗೆಣ್ಣಿಗೆ ಹೊಡೆದು ಕಲಿಸಿದ್ದು.

ಒಂದು ಸಂಜೆ ಅವಳು ಮೆಟ್ಟಿಲು ಹತ್ತದೆ ನಮ್ಮ ವರಾಂಡದಲ್ಲೇ ಕುಸಿದು ಕುಳಿತಳು. ಕ್ಲೈಂಟ್‌ನ ಬುಕಿಂಗ್ ಪಟ್ಟಿಯಲ್ಲಿ ಒಂದೇ ಒಂದು ಬುಕಿಂಗ್ ಅಳಿಸಬೇಕಿತ್ತಂತೆ. ಮ್ಯಾನೇಜರ್ ಬೆನ್ನ ಹಿಂದೆ ನಿಂತು ‘ಕ್ವಿಕ್, ಕ್ವಿಕ್’ ಅನ್ನುತ್ತಿದ್ದನಂತೆ. ನನ್ನ ನೋಟ್‌ಬುಕ್ ನೋಡಿಕೊಂಡು ಟೈಪ್ ಹೊಡೆದಿದ್ದಾಳೆ. ಪಟ್ಟಿಗೆ ಪಟ್ಟಿಯೇ ಅಳಿಸಿಹೋಗಿದೆ. ಹಳೆಯದು ಬ್ಯಾಕಪ್‌ನಿಂದ ವಾಪಸ್ ಬಂತು. ಅಂದು ಬೆಳಗಿನಿಂದ ಸೇರಿಸಿದ್ದು ಬರಲೇ ಇಲ್ಲ.

ನೋಟ್‌ಬುಕ್ ಇಸಿದುಕೊಂಡು ನೋಡಿದೆ. ಪುಟದ ಕೊನೆಯ ಸಾಲು: ‘ಡಿಲೀಟ್ ಫ್ರಮ್’, ಪಟ್ಟಿಯ ಹೆಸರು. ಅದರ ಕೆಳಗೆ ನನ್ನ ಒಂದಿಂಚು, ಬೆಳ್ಳಗೆ. ಯಾವುದನ್ನು ಮಾತ್ರ ಅಳಿಸಬೇಕು ಎಂದು ಹೇಳುವುದು ‘ವೇರ್’ ಸಾಲಂತೆ; ಅದು ಪುಟ ತಿರುಗಿಸಿದರೆ ಮೇಲೆ ಅಂದವಾಗಿ ಕೂತಿತ್ತು. ಅವಳ ಗೀಚಿನಲ್ಲಿ ಎರಡೂ ಒಟ್ಟಿಗೇ ಇದ್ದವು.

‘ಇದು ನನ್ನ ತಪ್ಪು ಕಣೇ.’

‘ಸುಮ್ನಿರ್ರಿ ಆಂಟಿ. ವೇರ್ ಇಲ್ದ ಹೊಡೀಬಾರ್ದಂತ ನಂಗ್ ಗೊತ್ತಿಲ್ಲೇನ್ರಿ? ಆಂವ ಬೆನ್ನ ಹಿಂದ ನಿಂತಿದ್ನಲ್ರಿ, ಕೈ ಓಡಿಬಿಡ್ತು.’

ಸೋಮವಾರ ಅವಳನ್ನು ಮೀಟಿಂಗಿಗೆ ಕರೆದಿದ್ದರು. ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಬಸ್ಸು ಹಿಡಿದು ಅವಳ ಕಂಪನಿಯ ಗೇಟಿಗೇ ಹೋದೆ.

‘ಯಾರ್ನ ನೋಡ್ಬೇಕು ಮೇಡಂ?’ ಅಂದ ಸೆಕ್ಯೂರಿಟಿಯವನು.

‘ಮ್ಯಾನೇಜರ್‌ನ.’

‘ಇಲ್ಲಿ ಇಪ್ಪತ್ ಜನ ಮ್ಯಾನೇಜರ್‌ಗಳವ್ರೆ. ಏನ್ ವಿಷ್ಯ?’

‘ಮಾರ್ಜಿನ್ ವಿಷಯ.’

ನನ್ನ ಮುಖ ನೋಡಿ, ಪಾಪ, ಕುರ್ಚಿ ಕೊಟ್ಟ. ಕೂತೆ, ಎದ್ದೆ, ಮತ್ತೆ ಕೂತೆ. ಊಟದ ಹೊತ್ತಿಗೆ ಹೊರಬಂದ ಹುಡುಗಿ ನನ್ನನ್ನು ಕಂಡವಳೇ ಕೆಂಡವಾದಳು.

‘ನಿಮ್ಮನ್ಯಾರ್ ಕರದ್ರು ಇಲ್ಲಿಗೆ? ಮನಿ ಓನರ್ ಬರದ್ ಕೊಟ್ಟಿದ್ದು ನೋಡಿ ಹೊಡದೆ ಅಂದ್ರ ಇನ್ನಷ್ಟ್ ನಗ್ತಾರ. ನಡೀರಿ ಮನಿಗೆ!’

ಹೊರಟುಬಂದೆ. ಐ ಹ್ಯಾಡ್ ನೋ ಬಿಸಿನೆಸ್ ದೇರ್, ಅಂತ ಬಸ್ಸಿನುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಅವಳನ್ನು ಕನ್ಫರ್ಮ್ ಮಾಡಲಿಲ್ಲ. ಮುಂದೆ ಕೆಲವು ವಾರ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಷ್ಟೇ, ಮಗ್ಗಿ ಇಲ್ಲ. ಆಮೇಲೆ ವೈಟ್‌ಫೀಲ್ಡ್‌ನಲ್ಲಿ ಬೇರೆ ಕೆಲಸ ಸಿಕ್ಕಿತು. ಮತ್ತೆ ಮೊದಲಿನಿಂದ ಪ್ರೊಬೇಶನ್.

ರೂಮು ಖಾಲಿ ಮಾಡುವ ದಿನ ಅದೇ ಪುಟ ತೆರೆದುಕೊಂಡು ಬಂದಳು. ‘ಇಲ್ಲಿ ಬರೀರಿ ಆಂಟಿ. ವೇರ್ ಸಾಲು. ಕೆಳಗ.’

‘ಅದು ಮಾರ್ಜಿನ್ ಕಣೇ. ಬೇರೆ ಪುಟದಲ್ಲಿ ಎರಡನ್ನೂ ಹೊಸದಾಗಿ ಬರೀತೀನಿ.’

‘ಬ್ಯಾಡ್ರಿ. ಅಲ್ಲೇ ಬರೀರಿ.’

ಬರೆದೆ. ಅರವತ್ತು ದಾಟಿದ ಮೇಲೆ ಮೊದಲ ಸಲ ಆ ಒಂದಿಂಚಿನೊಳಗೆ. ಅಕ್ಷರ ಸೊಟ್ಟಗಾಯಿತು, ‘ಡಬ್ಲ್ಯು’ ಮೇಲೆ ಇಂಕ್ ಹರಡಿತು. ಅವಳು ಊದಿ ಆರಿಸಿದಳು.

‘ನನ್ನ ಅಕ್ಷರಕಿಂತ ಏನ್ ಭಾಳ ಛಲೋ ಇಲ್ ಬಿಡ್ರಿ,’ ಅಂದಳು. ನಕ್ಕಳು.

ಅವಳನ್ನು ನಾನು ನೋಡಿದ್ದು ಅವತ್ತೇ ಕೊನೆ. ಹಾಸಿಗೆ ಸುರುಳಿಯ ಪಕ್ಕ ಅವಳು ಇಕ್ಕಟ್ಟಾಗಿ ಕೂತಿದ್ದ ಆಟೋ ಮೂಲೆಯಲ್ಲಿ ಸಿಮೆಂಟ್ ಲಾರಿಯ ಹಿಂದೆ ಸಿಕ್ಕಿಕೊಂಡು ಬಹಳ ಹೊತ್ತು ನಿಂತಿತ್ತು. ನಾನೂ ಗೇಟಿನಲ್ಲಿ ನಿಂತೇ ಇದ್ದೆ. ಅವಳು ತಿರುಗಿ ನೋಡಲಿಲ್ಲ. ತೊಡೆಯ ಮೇಲೆ ನೋಟ್‌ಬುಕ್ ತೆರೆದಿತ್ತು, ತುಟಿ ಅಲ್ಲಾಡುತ್ತಿತ್ತು.